ಬಲಗಡೆಯ ಹೊಗೆ

ಆ ಬೀದಿಯಲ್ಲಿ ಗಾಡಿ ಕೆಟ್ಟವರು ಮೇಸ್ತ್ರಿಯನ್ನು ಕೇಳಿಕೊಂಡು ಬರುತ್ತಿದ್ದರು, ಸೀಟು ಹರಿದವರು ಅವನ ಹೆಂಡತಿಯನ್ನು. ಅಂಗಡಿ ಒಂದೇ, ಬಾಗಿಲೂ ಒಂದೇ. ಒಳಗೆ ಎಡಕ್ಕೆ ಎಣ್ಣೆ, ಗ್ರೀಸು, ಗೋಡೆಯುದ್ದಕ್ಕೂ ಮೊಳೆಗೆ ತೂಗುಹಾಕಿದ ಸ್ಪ್ಯಾನರುಗಳು. ಬಲಕ್ಕೆ ಕಿಟಕಿಯ ಬೆಳಕಿನಲ್ಲಿ ಒಂದು ಹೊಲಿಗೆ ಯಂತ್ರ, ರೆಕ್ಸಿನ್ ಸುರುಳಿಗಳು, ಸ್ಪಂಜಿನ ಹಾಳೆಗಳು. ನಡುವೆ ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ. ಅದನ್ನು ಎಳೆದವಳು ಅವಳೇ, ಮದುವೆಯಾದ ಎರಡನೆಯ ವರ್ಷ, ಬಿಳಿ ರೆಕ್ಸಿನ್ನಿನ ಮೇಲೆ ಗಂಡನ ಐದೂ ಬೆರಳು ಅಚ್ಚೊತ್ತಿದ ದಿನ. ಇಪ್ಪತ್ತಾರು ವರ್ಷಗಳಿಂದ ಪ್ರತಿ ಸೋಮವಾರ ಗೆರೆಯನ್ನು ಮತ್ತೆ ತಿದ್ದಿ ದಪ್ಪ ಮಾಡುತ್ತಿದ್ದಳು. ಬೀದಿಯವರ ಬಾಯಲ್ಲಿ ಅವಳಿಗೆ ಸೀಟಕ್ಕ ಅಂತಲೇ ಹೆಸರು.

ಸೀಟಕ್ಕನಿಗೆ ಎರಡು ಗುಣವಿತ್ತು. ಒಂದು, ಅವಳು ಹೊಲಿದ ಸೀಟು ಗಾಡಿ ಗುಜರಿಗೆ ಹೋದರೂ ಹರಿಯುತ್ತಿರಲಿಲ್ಲ. ಇನ್ನೊಂದನ್ನು ಗುಣ ಅನ್ನಬೇಕೋ ಕಾಯಿಲೆ ಅನ್ನಬೇಕೋ ಅವಳ ಗಂಡನೇ ಇನ್ನೂ ತೀರ್ಮಾನಿಸಿರಲಿಲ್ಲ. ಬರಿಮೈಯಲ್ಲಿ ನಿಂತ ವಸ್ತುವನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಕೈಲಾಗುತ್ತಿರಲಿಲ್ಲ. ಸೀಟು ಹೊಲಿದು ಉಳಿದ ಚೂರುಪಾರು ಬಟ್ಟೆಯಲ್ಲಿ ಎಲ್ಲದಕ್ಕೂ ಒಂದೊಂದು ಕವರ್ ಹೊಲಿದುಬಿಡುತ್ತಿದ್ದಳು. ರೇಡಿಯೋಗೆ ಕವರ್, ಫ್ರಿಜ್ಜಿನ ಹಿಡಿಗೆ ಕವರ್, ಗಾಳಿ ಹೊಡೆಯುವ ಪಂಪಿಗೆ ಕವರ್, ಸ್ಟೂಲಿನ ನಾಲ್ಕು ಕಾಲಿಗೂ ಕಾಲುಚೀಲ. ಕನ್ನಡಕದ ಡಬ್ಬಿಗೆ ಹೊಲಿದ ಕವರಿಗೆ ಧೂಳು ಹಿಡಿಯುತ್ತದೆಂದು ಅದಕ್ಕೊಂದು ಪ್ಲಾಸ್ಟಿಕ್ ಕವರ್ ಬೇರೆ. "ನಾನು ಅರ್ಧ ಗಂಟೆ ಅಲ್ಲಾಡದೆ ಕೂತ್ರೆ ನನಗೂ ಒಂದು ಅಳತೆ ತಗೊಂಡುಬಿಡ್ತಾಳೆ," ಎಂದು ಮೇಸ್ತ್ರಿ ಬಂದವರ ಮುಂದೆ ಹೇಳುತ್ತಿದ್ದ. ಅವಳು ಹಲ್ಲಿನಲ್ಲಿ ದಾರ ಕಡಿಯುತ್ತಾ, "ಧೂಳು ಕೂತಮೇಲೆ ಒರೆಸೋದಕ್ಕಿಂತ ಕೂರದಂಗೆ ನೋಡ್ಕೊಳ್ಳೋದು ವಾಸಿ," ಎನ್ನುತ್ತಿದ್ದಳು.

ಇನ್ನು ಮೇಸ್ತ್ರಿಯ ವಿಷಯ. ಅವನ ಬಂಡವಾಳ ಇದ್ದದ್ದು ಮೂಗಿನಲ್ಲಿ. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಮೂಗರಳಿಸಿ, "ಎಣ್ಣೆ ಸುಡ್ತಿದೆ, ರಿಂಗು ಹೋಗಿದೆ," ಎಂದೋ "ಕ್ಲಚ್ ಪ್ಲೇಟು," ಎಂದೋ ಹೇಳಿಬಿಡುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಅದು ನಿಜವಾಗಿರುತ್ತಿತ್ತು. ತೊಂದರೆ ಇದ್ದದ್ದು ಹತ್ತನೆಯದರಲ್ಲಿ. ಅವನ ಪ್ರಕಾರ ಹತ್ತನೆಯದು ಎಂಬುದೇ ಇರಲಿಲ್ಲ. ತಪ್ಪು ಎನ್ನುವುದು ಬೇರೆಯವರು ಮಾಡುವ ಕೆಲಸ. ಸುತ್ತಿಗೆ ಹೆಬ್ಬೆರಳಿಗೆ ಬಿದ್ದರೆ ಮೊಳೆ ಡೊಂಕು. ಬಸ್ಸು ತಪ್ಪಿದರೆ ಬಸ್ಸು ಬೇಗ ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಎಲ್ಲರೂ ನೋಡಿರುತ್ತಾರೆ. ಮೇಸ್ತ್ರಿ ನಾಲ್ಕನೆಯ ಕಾಲು ಎದುರಿಗೇ ಅಲ್ಲಾಡುತ್ತಿದ್ದರೂ ಅದು ಬಾಲ ಎನ್ನುವ ಪೈಕಿ.

ಈ ಮೂಗಿನ ದೆಸೆಯಿಂದಲೇ ಆರು ವರ್ಷದ ಹಿಂದೆ ಸೀಟಕ್ಕನ ತವರು ಕಡಿದುಹೋದದ್ದು. ತವರೆಂದರೆ ಅವಳಿಗೆ ಉಳಿದಿದ್ದವನು ತಮ್ಮನೊಬ್ಬನೇ. ಹನ್ನೊಂದು ವರ್ಷ ಭಾವನ ಕೈಕೆಳಗೆ ಕೆಲಸ ಕಲಿತವನು. ಕಲಿತು ಮುಗಿಯಿತು ಅನ್ನಿಸಿದಾಗ ಹೊಗೆ ಅಳೆಯುವ ಒಂದು ಮೀಟರ್ ಕೊಂಡು ತಂದ. ಸೈಲೆನ್ಸರಿನೊಳಗೆ ಅದರ ನಳಿಗೆ ತೂರಿಸಿದರೆ ಪೆಟ್ರೋಲು ಹೆಚ್ಚು ಉರಿಯುತ್ತಿದೆಯೋ ಕಡಿಮೆಯೋ ಮುಳ್ಳು ತೋರಿಸುತ್ತಿತ್ತು. ಒಂದು ದಿನ ಗಿರಾಕಿಯ ಎದುರಿಗೇ ಭಾವನ ಮೂಗು ಒಂದು ಹೇಳಿತು, ಮೀಟರಿನ ಮುಳ್ಳು ಇನ್ನೊಂದು ಹೇಳಿತು. "ನನ್ನ ಮೂಗು ಬೇಕೋ ಆ ಡಬ್ಬಿ ಬೇಕೋ ಹೇಳು," ಎಂದ ಭಾವ. ಡಬ್ಬಿ ಎತ್ತಿಕೊಂಡು ಬೀದಿ ದಾಟಿದ ತಮ್ಮ. ತಿಂಗಳೊಳಗೆ ಎದುರು ಸಾಲಿನಲ್ಲೇ ಅಂಗಡಿ ತೆರೆದ. ಯಾರು ಹೇಳಿದ್ದು ಸರಿ ಅಂತ ನೋಡುವ ಹೊತ್ತಿಗೆ ಗಿರಾಕಿ ಗಾಡಿ ತೆಗೆದುಕೊಂಡು ಹೋಗಿಬಿಟ್ಟಿದ್ದ.

ಅಂದು ಸೀಟಕ್ಕ ಬಾಯಿ ಬಿಟ್ಟಿರಲಿಲ್ಲ. ಯಂತ್ರದ ಮುಂದೆ ತಲೆ ತಗ್ಗಿಸಿ, ಆಗಲೇ ಕತ್ತರಿಸಿದ್ದ ದಾರವನ್ನೇ ಮತ್ತೆ ಮತ್ತೆ ಕತ್ತರಿಸುತ್ತಾ ಕೂತಿದ್ದಳು. ಗಂಡಸರ ಜಗಳ, ಎರಡು ದಿನಕ್ಕೆ ಆರುತ್ತದೆ ಎಂದುಕೊಂಡಿದ್ದಳು. ಎರಡು ದಿನ ಆರು ವರ್ಷವಾಯಿತು. ದಿನವೂ ಎದುರಿಗೇ ತಮ್ಮನ ಅಂಗಡಿ, ತಮ್ಮನ ನೀಲಿ ಅಂಗಿ, ತಮ್ಮನ ಕೆಮ್ಮು. ಮಾತು ಮಾತ್ರ ತರಕಾರಿ ಅಂಗಡಿಯ ಹಿಂದೆ, ಕದ್ದು, ಎರಡು ನಿಮಿಷ. ಅಲ್ಲೇ ಒಂದು ಸಲ ಆ ಹಾಳು ಮೀಟರಿಗೂ ಕವರ್ ಹೊಲಿದು ಕೊಟ್ಟಿದ್ದಳು. ಗಂಡನಿಗೆ ಹೇಳಿರಲಿಲ್ಲ.

ಹೀಗಿರುವಾಗ ದನದ ಡಾಕ್ಟರು ಬಂದರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರ ಗಾಡಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಅದು ಸೀಟಕ್ಕನಿಗಿಂತ ಹಿರಿಯ ಮೋಟಾರ್ ಸೈಕಲ್ಲು. ಎರಡು ಸಿಲಿಂಡರು, ಎರಡು ಕಾರ್ಬೊರೇಟರು, ಅಕ್ಕಪಕ್ಕ ಎರಡು ಸೈಲೆನ್ಸರು. ನೆಟ್ಟಗೆ ನಡೆಯುವಾಗ ಅದರ ಸದ್ದು ಒಂದೇ ಗಾಡಿಯದೆನ್ನಿಸದೆ, ಇಬ್ಬರು ಹೆಜ್ಜೆಗೆ ಹೆಜ್ಜೆ ಸೇರಿಸಿ ಓಡುತ್ತಿರುವಂತೆ ಕೇಳುತ್ತಿತ್ತು.

"ಎದುರುಗಡೆ ಅಂಗಡಿಯಲ್ಲಿ ಕಾರ್ಬೊರೇಟರ್ ಎಲ್ಲ ಬಿಚ್ಚಿ ತೊಳೆಸಿದೆ," ಎಂದರು ಡಾಕ್ಟರು. "ಸೀಟಿಗೆ ನಮ್ಮಕ್ಕನ ಹತ್ರ ಹೋಗಿ, ಹಾಗೇ ಭಾವನಿಗೂ ಒಂದು ಸಲ ಗಾಡಿ ತೋರಿಸಿ, ಇಂಥ ಗಾಡಿ ಅಂದ್ರೆ ಅವರಿಗೆ ಪ್ರಾಣ, ಅಂದ ನಿಮ್ಮ ತಮ್ಮ."

ಸೀಟಕ್ಕನ ಕೈಯಿಂದ ಅಳತೆಯ ಟೇಪು ಜಾರಿತು. ಆರು ವರ್ಷದಲ್ಲಿ ಬೀದಿಯ ಆ ಬದಿಯಿಂದ ಈ ಬದಿಗೆ ಬಂದ ಮೊದಲ ಮಾತು ಅದು. ಮೇಸ್ತ್ರಿ ಕೇಳಿಸದವನಂತೆ ನಟ್ಟುಗಳ ಡಬ್ಬಿಯಲ್ಲಿ ಏನೋ ಹುಡುಕುತ್ತಿದ್ದ. ಐದು ನಿಮಿಷದ ಮೇಲೆ ಎದ್ದು ಗಾಡಿಗೆ ಮೂರು ಸುತ್ತು ಬಂದ. ಸ್ಟಾರ್ಟ್ ಮಾಡಿ, ಬಗ್ಗಿ, ಮೊದಲು ಎಡಗಡೆಯ ಹೊಗೆ ಮೂಸಿದ, ಆಮೇಲೆ ಬಲಗಡೆಯದು. "ಕೆಲಸ ಪರವಾಗಿಲ್ಲ," ಎಂದ. ಬೇರೆ ಯಾರಾದರೂ ಹಾರ ಹಾಕಿ ಸನ್ಮಾನ ಮಾಡಿದ್ದಕ್ಕೆ ಅದು ಸಮ.

ಅದೇ ಧೈರ್ಯದ ಮೇಲೆ ಅವಳು ಆ ಸಂಜೆ, "ಒಂದು ಭಾನುವಾರ ಅವನನ್ನ ಊಟಕ್ಕೆ ಕರೆಯೋಣ್ವಾ?" ಎಂದಳು.

"ನೋಡೋಣ," ಎಂದ ಮೇಸ್ತ್ರಿ.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವನ 'ಆಗಲ್ಲ' ಎಂದರೆ ಆಗಲ್ಲ, 'ನೋಡೋಣ' ಎಂದರೆ ಆಗುತ್ತದೆ. ಅವಳು ಮರುದಿನ ಡಾಕ್ಟರ ಸೀಟು ಹೊಲಿಯಲು ಕೂತಾಗ ಯಂತ್ರದ ಚಕ್ರ ತಾನಾಗಿ ತಿರುಗುವಂತಿತ್ತು.

ಸೀಟನ್ನು ಕೂರಿಸಲು ಹೋದಾಗ, ಅದರ ಕೆಳಗೆ ಎರಡು ತಗಡಿನ ಡಬ್ಬಿಗಳು ಅಕ್ಕಪಕ್ಕ ಕೂತಿದ್ದವು. ಒಂದರ ಮುಚ್ಚಳದ ಸ್ಕ್ರೂ ಸಡಿಲವಿತ್ತು. ಬಿಗಿ ಮಾಡೋಣ ಎಂದು ಮುಚ್ಚಳ ತೆಗೆದು ನೋಡಿದಳು. ಒಳಗೆ ಜಾಲರಿ ಸುತ್ತಿದ ಒಂದು ಉರುಳೆ. ಎಂಜಿನ್ನು ಉಸಿರೆಳೆಯುವುದು ಇದರ ಮೂಲಕ, ಇದಕ್ಕೆ ಏರ್ ಫಿಲ್ಟರ್ ಎನ್ನುತ್ತಾರೆ ಎನ್ನುವುದು ಅವಳಿಗೆ ಗೊತ್ತಿತ್ತು. ಆದರೆ ಜಾಲರಿಯ ಕಣ್ಣು ಇಷ್ಟಿಷ್ಟು ದೊಡ್ಡದು! ಈ ತೂತಿನಲ್ಲಿ ಧೂಳೇನು, ನೊಣವೇ ಹೋಗುತ್ತದಲ್ಲ ಎನ್ನಿಸಿತು. ಕೈ ಸುಮ್ಮನಿರಬೇಕಲ್ಲ. ತಮ್ಮನೇ ಕೈಯಾರೆ ತೊಳೆದ ಕಾರ್ಬೊರೇಟರು ಬೇರೆ, ಹಾಳಾಗಬಾರದು. ಉಳಿದಿದ್ದ ನೀಲಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಬಾಯಿಗೆ ಎಲಾಸ್ಟಿಕ್ ಕೊಟ್ಟು, ಮಗುವಿನ ಕುಲಾವಿಯಂಥದ್ದೊಂದನ್ನು ಹೊಲಿದು ಬಲಗಡೆಯ ಉರುಳೆಗೆ ತೊಡಿಸಿದಳು. ಎಡಗಡೆಯದಕ್ಕೆ ಬಟ್ಟೆ ಸಾಲಲಿಲ್ಲ. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಸೀಟು ಕೂರಿಸಿ, ಮರೆತಳು. ಅವಳು ಹೊಲಿದ ಕವರುಗಳನ್ನೆಲ್ಲ ನೆನಪಿಟ್ಟುಕೊಳ್ಳಲು ಕೂತರೆ ಅದಕ್ಕೇ ಒಂದು ದಿನ ಬೇಕು.

ಎರಡು ವಾರದ ಮೇಲೆ ಡಾಕ್ಟರು ಮತ್ತೆ ಬಂದರು. ಅವರಿಗಿಂತ ಮುಂಚೆ ಅವರ ಹೊಗೆ ಬಂತು. ಮೇಸ್ತ್ರಿ ತಿರುವಿನಲ್ಲೇ ಮೂಗರಳಿಸಿದ. ಬಲಗಡೆಯ ಸೈಲೆನ್ಸರು ಕಪ್ಪಗೆ ಉಗುಳುತ್ತಿತ್ತು, ಡಾಕ್ಟರ ಬಿಳಿ ಪ್ಯಾಂಟಿನ ಬಲಗಾಲು ಇದ್ದಿಲು ಅಂಗಡಿಯವನದಾಗಿತ್ತು. "ಬೆಳಿಗ್ಗೆ ತಣ್ಣಗಿರೋವಾಗ ಚೆನ್ನಾಗೇ ಹೊರಡತ್ತೆ," ಎಂದರು ಅವರು. "ಬಿಸಿಯಾಗ್ತಾ ಆಗ್ತಾ ಎಡಗಡೆ ಓಡತ್ತೆ, ಬಲಗಡೆ ಕುಂಟತ್ತೆ. ಪೆಟ್ರೋಲನ್ನಂತೂ ಎಮ್ಮೆ ನೀರು ಕುಡಿದ ಹಾಗೆ ಕುಡೀತಿದೆ."

ಮೇಸ್ತ್ರಿ ಎರಡೂ ಪ್ಲಗ್ಗು ಬಿಚ್ಚಿ ಅಂಗೈ ಮೇಲಿಟ್ಟುಕೊಂಡ. ಎಡಗಡೆಯದರ ತುದಿ ಬಿಸ್ಕತ್ತಿನ ಬಣ್ಣ. ಬಲಗಡೆಯದರ ಮೇಲೆ ಒಣ ಮಸಿ, ಬೆರಳಿಗೆ ಹತ್ತಿಸಿ ಕಣ್ಣಿಗೆ ಹಚ್ಚಿಕೊಳ್ಳಬಹುದು. ಅವನ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದಿದ್ದ ಒಂದು ಕಳೆ ಬಂತು.

"ರಿಚ್ ಆಗಿದೆ ಡಾಕ್ಟ್ರೇ. ಗಾಳಿ ಇಷ್ಟು, ಪೆಟ್ರೋಲ್ ಇಷ್ಟು ಅಂತ ಒಂದು ಹದ ಇರತ್ತೆ. ಬಲಗಡೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಅರ್ಧ ಉರಿಯತ್ತೆ, ಅರ್ಧ ನಿಮ್ಮ ಪ್ಯಾಂಟಿಗೆ ಬರತ್ತೆ. ಪೆಟ್ರೋಲ್ ಹದ ಮಾಡೋದು ಯಾರು? ಕಾರ್ಬೊರೇಟರು. ಕಾರ್ಬೊರೇಟರಿಗೆ ಕೊನೇಲಿ ಕೈ ಹಾಕಿದ್ದು ಯಾರು?" ಎಂದು ಬೀದಿಯ ಆ ಬದಿಗೆ ಗಲ್ಲ ಎತ್ತಿದ. "ಮೀಟರಿಟ್ಟು ಮಾಡಿದ ಕೆಲಸ!"

ಹೊಲಿಗೆ ಯಂತ್ರದ ಮುಂದೆ ಸೀಟಕ್ಕನಿಗೆ ಅನ್ನಿಸಿದ್ದು ಒಂದೇ: 'ನೋಡೋಣ' ಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ ಮೇಸ್ತ್ರಿಯ ತಪಾಸಣೆ. ಬಲಗಡೆಯ ಕಾರ್ಬೊರೇಟರನ್ನು ಬಿಚ್ಚಿ ತಟ್ಟೆಯಲ್ಲಿ ಹರಡಿದ. ಒಳಗೆ ಪೆಟ್ರೋಲಿನ ಮೇಲೆ ತೇಲುವ ಹಿತ್ತಾಳೆಯ ಬುರುಡೆ ತೂತಾಗಿ ಮುಳುಗಿದ್ದರೆ ಪೆಟ್ರೋಲು ಉಕ್ಕುತ್ತದೆ. ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಹನಿಯೂ ಇರಲಿಲ್ಲ. ಪೆಟ್ರೋಲು ಬಿಡುವ ಸಣ್ಣ ತೂತಿನ ಜೆಟ್ಟುಗಳನ್ನು ಬೆಳಕಿಗೆ ಹಿಡಿದ. ಎಡಗಡೆ ಬಲಗಡೆ ಎರಡರ ಮೇಲೂ ಒಂದೇ ನಂಬರು. ಸೂಜಿಯನ್ನು ಎಷ್ಟನೆಯ ಗೀರಿಗೆ ಸಿಕ್ಕಿಸಿದೆ ಎಂದು ಎಣಿಸಿದ. ಎರಡೂ ಮೂರನೆಯದು. ಭಾಮೈದ ಇಡೀ ಕೆಲಸವನ್ನು ಕನ್ನಡಿಯಲ್ಲಿ ಮುಖ ನೋಡಿಕೊಂಡಷ್ಟು ಒಂದೇ ಸಮ ಮಾಡಿದ್ದ. ಒಂದೊಂದು ಭಾಗ ಸರಿಯಿದೆ ಎಂದು ಗೊತ್ತಾದಾಗಲೂ ಮೇಸ್ತ್ರಿಯ ಮುಖ ಒಂದೊಂದು ಹಲ್ಲು ಕಿತ್ತಿಸಿಕೊಂಡವನಂತಾಗುತ್ತಿತ್ತು. ಸಿಕ್ಕಿದವರಿಗೆಲ್ಲ, ಹಾಲಿನವನಿಗೆ, ಕ್ಷೌರದವನಿಗೆ, ದಾರಿ ಕೇಳಲು ನಿಂತ ಅಪರಿಚಿತನಿಗೂ, "ನನ್ನ ಭಾಮೈದ ಮಾಡಿದ ಕೆಲಸ, ಇನ್ನೂ ಹುಡುಕ್ತಾ ಇದೀನಿ," ಎಂದು ಹೇಳಿದ. ಹೇಳಿದಷ್ಟೂ ಹಿಂದಕ್ಕೆ ಬರುವ ದಾರಿ ಮುಚ್ಚುತ್ತಾ ಹೋಯಿತು.

ಪ್ಲಗ್ಗುಗಳನ್ನು ಅದಲುಬದಲು ಮಾಡಿದ. ಕಪ್ಪಗಾಗಿದ್ದು ಮತ್ತೆ ಬಲಗಡೆಯದೇ. ಹನ್ನೆರಡನೆಯ ದಿನ ಕೊನೆಯ ಅಸ್ತ್ರ ತೆಗೆದ. ಎರಡೂ ಕಾರ್ಬೊರೇಟರು ಅವಳಿಜವಳಿಗಳಾಗಿದ್ದರಿಂದ ಎಡಗಡೆಯದನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಕೂಡಿಸಿದ. ತಪ್ಪು ಕಾರ್ಬೊರೇಟರಿನದಾಗಿದ್ದರೆ ಈಗ ಹೊಗೆ ಎಡಕ್ಕೆ ಬರಬೇಕು. ಸ್ಟಾರ್ಟ್ ಮಾಡಿ ಬಗ್ಗಿ ಕೂತ. ಕಾರ್ಬೊರೇಟರು ಎಡಕ್ಕೆ ಹೋಗಿತ್ತು, ಹೊಗೆ ಬಲದಲ್ಲೇ ಕೂತಿತ್ತು.

ಬೇರೆ ಯಾರಾಗಿದ್ದರೂ ಅಲ್ಲಿಗೆ, ಕಾರ್ಬೊರೇಟರಿನಲ್ಲಿ ಏನೂ ಇಲ್ಲ ಎಂದು ಕೈ ಒರೆಸಿಕೊಳ್ಳುತ್ತಿದ್ದರು. ಮೇಸ್ತ್ರಿ ಬಲಗಡೆಯ ಹೊಗೆಯನ್ನು ಇನ್ನೊಮ್ಮೆ ಮೂಸಿ, "ಗೊತ್ತಾಯ್ತು," ಎಂದ. "ಎರಡನ್ನೂ ಕೆಡಿಸಿದಾನೆ!"

ಸೀಟಕ್ಕ ದಿಂಬಿನ ಚೀಲದೊಳಗೆ ಮುಖವಿಟ್ಟು ನಕ್ಕಳು. ಆಮೇಲೆ ಅವಳಿಗೆ ಅಳುವೂ ಬಂತು.

ಹದಿನೈದನೆಯ ದಿನ ಬೆಳಿಗ್ಗೆ ಒಂದು ವಿಚಿತ್ರ ನಡೆಯಿತು. ಮೇಸ್ತ್ರಿ ಕಾರ್ಬೊರೇಟರಿನ ಬುಡದ ವಾಷರು ಬದಲಾಯಿಸಿದವನು, ಸದ್ದು ಕೇಳುವ ಅವಸರಕ್ಕೆ, ಅದರ ಹಿಂದಿನ ರಬ್ಬರಿನ ಪೈಪನ್ನು ಕೂಡಿಸದೆಯೇ ಸ್ಟಾರ್ಟ್ ಮಾಡಿಬಿಟ್ಟ. ಗಾಡಿ ಹೆಜ್ಜೆಗೆ ಹೆಜ್ಜೆ ಸೇರಿಸಿ ಓಡಿತು. ಬಲಗಡೆ ಹೊಗೆ ತಿಳಿಯಾಯಿತು. "ವಾಷರು! ನೋಡೇ, ವಾಷರು ತಪ್ಪು ಹಾಕಿದಾನೆ!" ಎಂದು ಕೂಗಿ, ಡಾಕ್ಟರಿಗೆ ಫೋನು ಮಾಡಿ, ನಾಲ್ಕು ಗಂಟೆಗೆ ಎದುರು ಅಂಗಡಿಯವನನ್ನೂ ಕರೆದುಕೊಂಡೇ ಬನ್ನಿ, ಅವನ ಕಣ್ಣಿಗೇ ತೋರಿಸುತ್ತೇನೆ ಎಂದ. ಫೋನಿಟ್ಟು, ಪೈಪು ಕೂಡಿಸಿ, ಇನ್ನೊಂದು ಸಲ ಸ್ಟಾರ್ಟ್ ಮಾಡಿದ. ಬಲಗಡೆ ಕೆಮ್ಮಿತು, ಕುಂಟಿತು, ಕಪ್ಪಗೆ ಉಗುಳಿತು.

ಮೇಸ್ತ್ರಿ ವಾಷರನ್ನು ಬೈದ. ಸೀಟಕ್ಕನ ಸೂಜಿ ಮಾತ್ರ ಬಟ್ಟೆಯ ಮೇಲೆ ಅರ್ಧದಲ್ಲೇ ನಿಂತಿತ್ತು. ಪೈಪು ಬಿಚ್ಚಿದರೆ ಆರೋಗ್ಯ, ಕೂಡಿಸಿದರೆ ಕಾಯಿಲೆ. ಪೈಪಿನ ಈ ತುದಿಯಲ್ಲಿರುವುದು ಕಾರ್ಬೊರೇಟರು. ಆ ತುದಿಯಲ್ಲಿರುವುದು? ಏನೆಲ್ಲ ಎಡಬಲ ಓಡಾಡಿದರೂ ಜಾಗ ಬಿಟ್ಟು ಕದಲದೆ ಇದ್ದದ್ದು ಯಾವುದು? ತಗಡಿನ ಡಬ್ಬಿ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಒಂದು ನೀಲಿ ಕುಲಾವಿ ಬಂತು.

ಮಧ್ಯಾಹ್ನ ಊಟವಾಗಿ ಮೇಸ್ತ್ರಿ ಕುರ್ಚಿಯಲ್ಲಿ ಪೇಪರು ಮುಖಕ್ಕೆ ಹಾಕಿಕೊಂಡು ಮಲಗಿದ. ಪೇಪರು ಉಸಿರಿಗೆ ಏಳುತ್ತಾ ಬೀಳುತ್ತಾ ಇತ್ತು. ಸೀಟಕ್ಕ ಸೀಮೆಸುಣ್ಣದ ಗೆರೆ ದಾಟಿ, ಸ್ಕ್ರೂಡ್ರೈವರ್ ತೆಗೆದುಕೊಂಡು, ಸೀಟೆತ್ತಿ, ಬಲಗಡೆಯ ಡಬ್ಬಿಯ ಮುಚ್ಚಳ ಬಿಚ್ಚಿದಳು. ಇತ್ತು. ಧೂಳು ಮೆತ್ತಿಕೊಂಡು, ಒಳಗಿನಿಂದ ಯಾರೋ ಹೀರಿ ಹಿಡಿದಂತೆ ಜಾಲರಿಗೆ ಅಂಟಿಕೊಂಡು ಕೂತಿತ್ತು. ಪೆಟ್ರೋಲು ಹೆಚ್ಚಾಗಿರಲೇ ಇಲ್ಲ, ಗಾಳಿ ಕಡಿಮೆಯಾಗಿತ್ತು. ಪಾಪದ ಸಿಲಿಂಡರು ಹದಿನೈದು ದಿನ, ಅದಕ್ಕೂ ಹಿಂದಿನ ಎರಡು ವಾರ, ಮೂಗು ಮುಚ್ಚಿಸಿಕೊಂಡು ಓಡಿತ್ತು. ಇಷ್ಟರ ನಡುವೆಯೂ ಹೊಲಿಗೆ ಒಂದೆಳೆ ಬಿಟ್ಟಿಲ್ಲವಲ್ಲ ಎಂದು ಅವಳಿಗೆ ಒಂದು ಗಳಿಗೆ ಹೆಮ್ಮೆಯಾಯಿತು. ಮರುಗಳಿಗೆ ನಾಚಿಕೆಯಾಯಿತು.

ಈಗ ಮಾಡುವುದೇನು? ಎಳೆದು ತೆಗೆದು ಜೇಬಿಗೆ ಹಾಕಿಕೊಂಡರೆ ಗಾಡಿ ಸರಿಹೋಗುತ್ತದೆ. ಆಗ ಗಂಡ, ಭಾಮೈದ ಕೆಡಿಸಿದ್ದನ್ನು ನಾನು ರಿಪೇರಿ ಮಾಡಿದೆ ಎಂದು ಡಾಕ್ಟರ ಮುಂದೆ ಮೀಸೆ ತಿರುವುತ್ತಾನೆ. ತಮ್ಮ ಮಾಡದ ತಪ್ಪು ಹೊತ್ತುಕೊಂಡು ಬೀದಿ ದಾಟುತ್ತಾನೆ, ಇನ್ನು ಜನ್ಮದಲ್ಲಿ ಈ ಕಡೆ ತಲೆ ಹಾಕುವುದಿಲ್ಲ. ಎಲ್ಲರೆದುರು ಹೇಳಿಬಿಟ್ಟರೆ, ಕೈಕೆಳಗೆ ಕಲಿತವನ ಮುಂದೆ ಗಂಡನ ಮಾನ ಹೋಗುತ್ತದೆ. ಅವನ ಸೊಕ್ಕನ್ನು ಅವಳು ಎಷ್ಟೇ ಬೈದುಕೊಂಡರೂ ಅವನ ತಲೆ ತಗ್ಗುವುದನ್ನು ನೋಡುವ ಆಸೆ ಅವಳಿಗಿರಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ, ಎದ್ದ ತಕ್ಷಣ ಗಂಡನೊಬ್ಬನಿಗೇ ಮೆಲ್ಲಗೆ ಹೇಳುವುದು ಎಂದು ತೀರ್ಮಾನಿಸಿ, ಎಲ್ಲವನ್ನೂ ಇದ್ದ ಹಾಗೇ ಮುಚ್ಚಿ ಬಂದು ಕೂತಳು. ಹೇಗೆ ಶುರು ಮಾಡಬೇಕು ಎಂದು ಮನಸ್ಸಿನಲ್ಲೇ ಏಳು ಸಲ ಹೇಳಿ ನೋಡಿಕೊಂಡಳು.

ಎಂಟನೆಯದಕ್ಕೆ ಡಾಕ್ಟರು ಬಂದರು, ಅರ್ಧ ಗಂಟೆ ಮುಂಚೆ. ಜೊತೆಯಲ್ಲಿ ತಮ್ಮ. ಅವನು ಹೊಸ್ತಿಲ ಆಚೆಯೇ ನಿಂತ. ಮೇಸ್ತ್ರಿ ಪೇಪರು ಸರಿಸಿ, ಕಣ್ಣುಜ್ಜಿಕೊಂಡು, ಎದ್ದ.

"ರೀ, ಒಂದು ನಿಮಿಷ, ಒಳಗೆ ಬನ್ನಿ," ಎಂದಳು ಸೀಟಕ್ಕ.

"ಆಮೇಲೆ," ಎಂದು ಅವನು ಗಾಡಿ ಸ್ಟಾರ್ಟ್ ಮಾಡಿದ. ಅದು ಬಿಸಿಯಾಗುವವರೆಗೂ ಹ್ಯಾಂಡಲ್ ಹಿಡಿದೇ ನಿಂತ. ಬಲಗಡೆ ಕುಂಟಲು ಶುರುವಾಯಿತು, ಹೊಗೆ ಕಪ್ಪಾಯಿತು. ಮೇಸ್ತ್ರಿ ಸ್ಕ್ರೂಡ್ರೈವರ್ ಎತ್ತಿಕೊಂಡು ಅದರ ತುದಿಯಿಂದ ಆ ಹೊಗೆಯನ್ನು ತೋರಿಸಿದ.

"ನೋಡು. ನೋಡ್ಕೋ. ಹನ್ನೊಂದು ವರ್ಷ ನನ್ನ ಹತ್ರ ಕಲಿತದ್ದು ಇದೇನಾ? ಮೀಟರ್ ತಗೊಳ್ಳೋದು ಸುಲಭ ಕಣಪ್ಪಾ, ಕೆಲಸ ತಗೊಳ್ಳೋದು ಕಷ್ಟ."

ತಮ್ಮ ಹೊಗೆಯನ್ನೂ ನೋಡಿದ, ಭಾವನನ್ನೂ ನೋಡಿದ. ಅವನ ಕತ್ತು ಕೆಂಪಾಗಿತ್ತು. ಜಗಳಕ್ಕೆ ನಿಂತಿದ್ದರೆ ಸೀಟಕ್ಕನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವನು ಮೆಲ್ಲಗೆ ಮಾತಾಡಿದ.

"ಸರಿ ಭಾವ. ನನ್ನ ಕೈಯಲ್ಲೇ ಕೆಟ್ಟಿರಬೇಕು. ಡಾಕ್ಟ್ರೇ, ಕ್ಷಮಿಸಿ. ಇನ್ನು ಮೇಲೆ ಯಾರನ್ನೂ ನಾನು ಈ ಕಡೆ ಕಳಿಸಲ್ಲ." ಎಂದು ತಿರುಗಿದ.

"ನಿಲ್ಲೋ!" ಎಂದಳು ಸೀಟಕ್ಕ.

ಅಷ್ಟು ದೊಡ್ಡ ದನಿ ಆ ಅಂಗಡಿಯ ಬಲಭಾಗದಿಂದ ಯಾವತ್ತೂ ಬಂದಿರಲಿಲ್ಲ. ತಮ್ಮ ನಿಂತ. ಅವಳು ಗೆರೆ ದಾಟಿ ಬಂದು, ಗಂಡನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು, ಸೀಟೆತ್ತಿ, ಎಂಜಿನ್ನು ಓಡುತ್ತಿರುವಾಗಲೇ ಮುಚ್ಚಳ ಬಿಚ್ಚಿ, ಒಳಗೆ ಕೈ ಹಾಕಿ ಎಳೆದಳು. ನೀಲಿ ಕುಲಾವಿ ಚಟ್ ಎಂದು ಬಿಟ್ಟುಕೊಂಡು ಕೈಗೆ ಬಂತು. ಗಾಡಿ ಒಂದು ಸಲ ಜಗ್ಗಿತು, ಎರಡು ಸಲ ಜಗ್ಗಿತು. ಆಮೇಲೆ ಬಲಗಡೆ ಎಡಗಡೆಯ ಹೆಜ್ಜೆ ಹಿಡಿಯಿತು. ಹೊಗೆ ಬೂದಿ ಬಣ್ಣವಾಗಿ, ತೆಳುವಾಗಿ, ಕಾಣದಾಯಿತು.

"ನಾನು ಹಾಕಿದ್ದು," ಎಂದಳು. "ಧೂಳು ಹೋಗತ್ತೆ ಅಂತ. ಸೀಟು ಹೊಲಿದ ದಿನ. ಇವತ್ತು ಬೆಳಿಗ್ಗೆವರೆಗೂ ನನಗೆ ನೆನಪೇ ಇರಲಿಲ್ಲ, ದೇವರಾಣೆ."

ಮೊದಲು ನಕ್ಕವರು ಡಾಕ್ಟರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಲ್ರಪ್ಪಾ! ನಮ್ಮಲ್ಲಿ ಹಸು ಏದುಸಿರು ಬಿಟ್ರೆ ಮೊದಲು ಅದರ ಮೂಗು ನೋಡ್ತೀವಿ."

"ಅಕ್ಕಾ, ಅದಕ್ಕೂ ಕವರ್ರಾ?" ಎಂದ ತಮ್ಮ. ಅವನಿಗೂ ನಗು ತಡೆಯಲಾಗಲಿಲ್ಲ. ನಗುವಿನ ಭರದಲ್ಲಿ ಬಾಯಿ ಜಾರಿತು. "ಅಲ್ಲ ಭಾವ, ಮೊದಲು ಗಾಳಿ, ಆಮೇಲೆ ಪೆಟ್ರೋಲು, ಕೊನೆಗೆ ಕಿಡಿ ಅಂತ ನನಗೆ ಹೇಳಿಕೊಟ್ಟೋರು ನೀವೇ. ಹದಿನೈದು ದಿನದಲ್ಲಿ ಒಂದು ಸಲ ಈ ಮುಚ್ಚಳ ತೆಗೆದು ನೋಡಲಿಲ್ವಾ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನಿಗೆ ಕೂಸು ತೋರಿಸುವುದು ಬೇರೆ, ಅವನ ಶಿಷ್ಯನೇ ಅದನ್ನು ಬಾಯಿಬಿಟ್ಟು ಹೇಳುವುದು ಬೇರೆ. ಮೇಸ್ತ್ರಿಯ ಮುಖ ಬಿಗಿದುಕೊಂಡಿತು. ಡಾಕ್ಟರ ನಗೆಯೂ ನಿಂತಿತು. ಈಗ ಸಂಬಂಧ ಮುರಿಯುವುದು ತಮ್ಮನ ಕಡೆಯಿಂದಲ್ಲ, ಗಂಡನ ಕಡೆಯಿಂದ ಎಂದು ಸೀಟಕ್ಕನಿಗೆ ಗೊತ್ತಾಯಿತು.

ತಮ್ಮನೇ ಅವಸರವಾಗಿ ತೇಪೆ ಹಾಕಿದ. "ಅಕ್ಕ ಹಾಗೆ ಒಳಗೆ ಬಚ್ಚಿಟ್ಟರೆ ಭಾವ ತಾನೇ ಪಾಪ ಏನು ಮಾಡ್ತಾರೆ ಬಿಡಿ."

"ಹೌದು, ಎಲ್ಲಾ ನನ್ನಿಂದಲೇ," ಎಂದಳು ಅವಳು. ಬೈಸಿಕೊಳ್ಳಲು ಸಿದ್ಧವಾಗಿಯೇ ನಿಂತಿದ್ದಳು. ಅವನು ಬೈಯಲಿ, ಅಂಗಡಿ ಹಾರಿಹೋಗುವಂತೆ ಬೈಯಲಿ, ತಪ್ಪೆಲ್ಲ ತನ್ನ ತಲೆಗೆ ಕಟ್ಟಲಿ, ಇವರಿಬ್ಬರ ನಡುವೆ ಏನೂ ಉಳಿಯದಿದ್ದರೆ ಸಾಕು ಎಂದು ಕಾದಳು. ಅವನಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ತಪ್ಪಿಗೆ ಒಬ್ಬಳು ಯಜಮಾನಿಯಿದ್ದಳು, ಕೈಯಲ್ಲಿ ಸಾಕ್ಷಿಯಿತ್ತು, ಎದುರಿಗೆ ಇಬ್ಬರು ಪಂಚರಿದ್ದರು.

ಮೇಸ್ತ್ರಿ ಕುಲಾವಿಯನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೂ ಹೊರಗೂ ತಿರುಗಿಸಿ ನೋಡಿದ. ಎಲಾಸ್ಟಿಕ್ಕನ್ನು ಒಂದು ಸಲ ಎಳೆದು ಬಿಟ್ಟ.

"ಅವಳು ಬಟ್ಟೆ ಹಾಕಿದಳು. ಅವಳು ಹಾಕೋಳೇ," ಎಂದ. "ನಾನು ಮುಚ್ಚಳ ತೆಗೀಲಿಲ್ಲ."

ಅವನು ಬಗ್ಗಿ ಮುಚ್ಚಳವನ್ನು ಕೈಗೆತ್ತಿಕೊಂಡ.

"ಎರಡನೇ ದಿನಾನೇ ಆ ಸ್ಕ್ರೂ ಮೇಲೆ ಕೈ ಇಟ್ಟಿದ್ದೆ. ತೆಗೆಯೋಕೆ ಮನಸ್ಸಾಗಲಿಲ್ಲ. ಕಾರ್ಬೊರೇಟರಲ್ಲೇ ಇರಲಿ ಅಂತಿತ್ತು ನನಗೆ." ಅವನು ಮಾತಾಡುತ್ತಿದ್ದದ್ದು ಗಾಡಿಯ ಕಡೆ ತಿರುಗಿ. "ತಪ್ಪು ನಂದು."

ಇಪ್ಪತ್ತೆಂಟು ವರ್ಷದಲ್ಲಿ ಆ ಎರಡು ಪದ ಆ ಬಾಯಿಂದ ಜೊತೆಯಾಗಿ ಬಂದದ್ದನ್ನು ಸೀಟಕ್ಕ ಕೇಳಿರಲಿಲ್ಲ. ಅವಳಿಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಡಾಕ್ಟರು ಇಲ್ಲದಿದ್ದರೆ ಆ ಗ್ರೀಸಿನ ಅಂಗಿಯನ್ನು ಹಾಗೇ ತಬ್ಬಿಕೊಂಡುಬಿಡುತ್ತಿದ್ದಳು.

ಮೇಸ್ತ್ರಿ ಕೈ ಒರೆಸಿಕೊಂಡು ಡಾಕ್ಟರ ಕಡೆ ನೋಡಿದ. "ಈ ಕಾರ್ಬೊರೇಟರುಗಳನ್ನ ನಾನು ಎಳೆಎಳೆಯಾಗಿ ಬಿಚ್ಚಿ ನೋಡಿದೀನಿ ಡಾಕ್ಟ್ರೇ. ನಾನೇ ಮಾಡಿದ್ರೂ ಇಷ್ಟು ಸಮವಾಗಿ ಬರ್ತಿರಲಿಲ್ಲ. ಇನ್ನು ಮೇಲೆ ಕಾರ್ಬೊರೇಟರಿಂದು ಏನೇ ಇದ್ರೂ ಎದುರುಗಡೆ ಅಂಗಡಿಗೇ ಹೋಗಿ."

"ಹೋಗಬೇಡಿ ಡಾಕ್ಟ್ರೇ," ಎಂದ ತಮ್ಮ. "ಗಾಡಿ ಇಲ್ಲಿಗೇ ತನ್ನಿ. ನಾನೇ ಇಲ್ಲಿಗೆ ಬರ್ತೀನಿ."

ಹಾಗೆಂದವನು ಹೊಸ್ತಿಲು ದಾಟಿ ಒಳಗೆ ಬಂದು, ಭಾವನ ಪಕ್ಕದಲ್ಲಿ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೇಸ್ತ್ರಿ ಅವನ ಕಡೆಗೆ ಬಾಗಿ ಏನೋ ಕೇಳಿದ, ಅವನು ಏನೋ ಹೇಳಿದ. ಸೀಟಕ್ಕ ಕೈ ಚಾಚಿ ಎಂಜಿನ್ನು ಆರಿಸಿಬಿಟ್ಟಳು. ಅವರಿಬ್ಬರೂ ಮಾತಾಡುವುದು ಅವಳಿಗೆ ಕೇಳಬೇಕಿತ್ತು.